ಹನ್ನೆರಡನೆಯ ಗೊಂಚಲು

ವಾಮದಪದವಿನ ಲೋಕನಾಥ ತನ್ನ ಮನೆಯಂಗಳದಲ್ಲಿ ದ್ರಾಕ್ಷಿ ಬೆಳೆಸುತ್ತಿದ್ದಾನೆ ಎಂಬುದನ್ನು ಊರಿನವರು ಮೊದಲು ನಂಬಲಿಲ್ಲ. ಆಮೇಲೆ ನಂಬಿದರು, ಆದರೆ ಕ್ಷಮಿಸಲಿಲ್ಲ. ನಮ್ಮ ಕಡೆ ದ್ರಾಕ್ಷಿ ಎಂದರೆ ಬೆಳೆಯುವ ವಸ್ತುವಲ್ಲ. ಆಸ್ಪತ್ರೆಯಲ್ಲಿ ಮಲಗಿದ ನೆಂಟರನ್ನು ನೋಡಲು ಹೋಗುವಾಗ ಬಂಟ್ವಾಳ ಪೇಟೆಯಲ್ಲಿ ಅರ್ಧ ಕಿಲೋ ಕಟ್ಟಿಸಿಕೊಳ್ಳುವ ವಸ್ತು. ಅಡಿಕೆ, ತೆಂಗು, ಕಾಳುಮೆಣಸು ಬಿಟ್ಟು ಬೇರೇನನ್ನೋ ಬೆಳೆಯುತ್ತೇನೆ ಎನ್ನುವವನಿಗೆ ಒಂದೋ ದುಡ್ಡು ಹೆಚ್ಚಾಗಿರಬೇಕು, ಇಲ್ಲವೇ ತಲೆ ಕೆಟ್ಟಿರಬೇಕು. ಲೋಕನಾಥನಲ್ಲಿ ದುಡ್ಡಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಉಳಿದದ್ದನ್ನು ಅವರೇ ತೀರ್ಮಾನಿಸಿಕೊಂಡರು.

ಮೂವತ್ತೆರಡು ವರ್ಷ ಪ್ರೌಢಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಈ ಲೋಕನಾಥನಿಗೆ ಒಂದು ಹಳೆಯ ನೋವಿತ್ತು. ಶಾಲೆಯ ವಾರ್ಷಿಕೋತ್ಸವವಿರಲಿ, ಬಾವಿಗೆ ಪಂಪು ಕೂರಿಸಿದ್ದೇ ಇರಲಿ, ಪತ್ರಿಕೆಗೆ ವರದಿ ಬರೆದು ಕಳಿಸುತ್ತಿದ್ದವನು ಅವನೇ. ಮುಖ್ಯೋಪಾಧ್ಯಾಯರ ಹೆಸರು, ಸಂಚಾಲಕರ ಹೆಸರು, ಪ್ರಾರ್ಥನೆ ಹಾಡಿದ ಮಕ್ಕಳ ಹೆಸರು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ಕೊನೆಗೆ ‘ಮತ್ತಿತರರು ಉಪಸ್ಥಿತರಿದ್ದರು’ ಎಂದು ಮುಗಿಸುತ್ತಿದ್ದ. ಆ ಮತ್ತಿತರರಲ್ಲಿ ಮೂವತ್ತೆರಡು ವರ್ಷವೂ ಅವನೊಬ್ಬನಿದ್ದ. ಸಾಯುವುದರೊಳಗೆ ಒಮ್ಮೆಯಾದರೂ ಸ್ವಂತ ಹೆಸರಿನಿಂದ ಉಪಸ್ಥಿತನಾಗಬೇಕೆಂಬುದು ಅವನ ಆಸೆ. ಇದೇನೂ ದೊಡ್ಡ ಪಾಪವಲ್ಲ.

ಮೂಡುಬಿದಿರೆಯ ಕೃಷಿ ಪ್ರದರ್ಶನವೊಂದರಲ್ಲಿ ನರ್ಸರಿಯವನೊಬ್ಬ ‘ರಾಯಲ್ ಸ್ವೀಟ್’ ಎಂಬ, ಬೇಕರಿಗೆ ಇಡಬಹುದಾದ ಹೆಸರಿನ ಬಳ್ಳಿಯನ್ನು ಅವನ ಕೈಗಿಟ್ಟ.

“ಬೀಜ ಇಲ್ಲ, ಹುಳಿ ಇಲ್ಲ, ಸಿಪ್ಪೆ ಉಂಟಾ ಇಲ್ವಾ ಅಂತ ಗೊತ್ತೇ ಆಗುದಿಲ್ಲ. ಒಂದು ಹಣ್ಣು ಬಾಯಿಗೆ ಹಾಕಿದ್ರೆ ಮತ್ತೆ ಚಹಾಕ್ಕೆ ಸಕ್ಕರೆ ಬೇಡ” ಎಂದ.

“ನಮ್ಮಲ್ಲಿ ಮಳೆ ಜಾಸ್ತಿ ಅಲ್ವಾ?”

“ಬಳ್ಳಿಗೆ ಮಳೆ ಗೊತ್ತಾಗದ ಹಾಗೆ ಸಾಕಿ.”

ಬಳ್ಳಿಗೆ ಮಳೆ ಗೊತ್ತಾಗದ ಹಾಗೆ ಮಾಡಿದವನು ಮೂಸಾ. ಮೂಸಾ ಪಕ್ಕದ ಮನೆಯವನು, ಲೋಕನಾಥನ ಓರಗೆಯವನು, ಪದವಿನ ಜಂಕ್ಷನ್ನಿನಲ್ಲಿ ಶಾಮಿಯಾನ ಮತ್ತು ಕುರ್ಚಿ ಬಾಡಿಗೆಗೆ ಕೊಡುವವನು. ಊರಿನಲ್ಲಿ ಮದುವೆಯಿರಲಿ, ಉರೂಸಿರಲಿ, ದೈವದ ನೇಮವಿರಲಿ, ಉತ್ತರಕ್ರಿಯೆಯಿರಲಿ, ನೆರಳು ಮಾತ್ರ ಮೂಸಾನದ್ದೇ. ಮೂವತ್ತು ವರ್ಷಗಳಿಂದ ಊರಿನಲ್ಲಿದ್ದ ದಿನವೆಲ್ಲ ಸಂಜೆ ಐದೂವರೆಗೆ ಅವನು ಲೋಕನಾಥನ ಜಗಲಿಯಲ್ಲಿ ಹಾಜರು. ಹಳೆಯ ಕಬ್ಬಿಣದ ಪೈಪುಗಳನ್ನೂ ಪಾರದರ್ಶಕ ಪ್ಲಾಸ್ಟಿಕ್ಕನ್ನೂ ತಂದು, ಎರಡು ಭಾನುವಾರ ಹೆಣಗಿ, ಬಳ್ಳಿಗೊಂದು ಚಪ್ಪರ, ಅದರ ಮೇಲೊಂದು ಮಾಡು ಕಟ್ಟಿಕೊಟ್ಟ.

“ಲೋಕು, ನಿನ್ನ ತಲೆಯಲ್ಲಿ ಗೊಬ್ಬರ ಜಾಸ್ತಿಯಾಗಿ ಈ ಬಳ್ಳಿ ಹುಟ್ಟಿದ್ದು ಮಾರಾಯ” ಎಂದು ಏಣಿಯ ಮೇಲಿಂದ ಹೇಳಿದ.

“ನಿನ್ನ ತಲೆಯಲ್ಲಿ ಅದೂ ಇಲ್ಲ. ಆ ಗಂಟು ಸರಿಯಾಗಿ ಹಾಕು” ಎಂದು ಲೋಕನಾಥ ಕೆಳಗಿನಿಂದ ಹೇಳಿದ.

ಲೋಕನಾಥನ ಅಡುಗೆಮನೆಯ ಮಾಡು ಸೋರುತ್ತಿತ್ತು. ಬಳ್ಳಿಯ ಮಾಡು ಸೋರಲಿಲ್ಲ. ಅವನ ಹೆಂಡತಿ ಶಶಿಪ್ರಭಾ ಎರಡು ಮಳೆಗಾಲ ಒಲೆಯ ಪಕ್ಕ ಬಾಲ್ದಿ ಇಟ್ಟುಕೊಂಡು ಅಡುಗೆ ಮಾಡಿದಳು. ಮೂರನೆಯ ವರ್ಷ ಫೆಬ್ರವರಿಯಲ್ಲಿ ಬಳ್ಳಿ ಗೊಂಚಲು ಬಿಟ್ಟಿತು. ಲೋಕನಾಥ ದಿನಾ ಬೆಳಿಗ್ಗೆ ಚಪ್ಪರದ ಕೆಳಗೆ ನಿಂತು, ಕೊಕ್ಕೆಯಲ್ಲಿ ಎಲೆ ಸರಿಸಿ, ಹಾಜರಿ ಕರೆದಂತೆ ಎಣಿಸಿದ. ಹನ್ನೆರಡು. ಇಪ್ಪತ್ತು ದಿನ ಎಣಿಸಿದರೂ ಹನ್ನೆರಡೇ. ಇಪ್ಪತ್ತೊಂದನೆಯ ದಿನ ‘ನಮ್ಮ ಪದವು’ ಎಂಬ ವಾಟ್ಸಾಪ್ ಗ್ರೂಪಿನಲ್ಲಿ ಪ್ರಕಟಿಸಿದ: ‘ವಾಮದಪದವಿನ ಇತಿಹಾಸದಲ್ಲೇ ಪ್ರಥಮ ಬಾರಿಗೆ, ನಮ್ಮ ಮನೆಯಂಗಳದಲ್ಲಿ ಹನ್ನೆರಡು ಗೊಂಚಲು ಸಿಹಿ ದ್ರಾಕ್ಷಿ.’ ಹದಿನೇಳು ಜನ ಕೈಮುಗಿದರು. ಓದದೆ ಉತ್ತರಿಸುವ ಒಬ್ಬರು ‘ಓಂ ಶಾಂತಿ’ ಎಂದು ಹಾಕಿದರು.

ಹನ್ನೆರಡಕ್ಕೂ ಹಕ್ಕುದಾರರು ನಿಶ್ಚಯವಾದರು. ದೇವಸ್ಥಾನಕ್ಕೊಂದು, ಶಾಲೆಯ ಸಂಚಾಲಕರಿಗೊಂದು, ತೋಟಗಾರಿಕೆಯ ಅಧಿಕಾರಿ ಸಾತ್ವಿಕಾ ಅವರಿಗೊಂದು, ಪತ್ರಿಕೆಯ ವರದಿಗಾರನಿಗೆ ಎರಡು, ಹೀಗೆ ಪಟ್ಟಿ ಇಳಿಯುತ್ತಾ ಹೋಗಿ ಹನ್ನೆರಡನೆಯದರ ಎದುರು ‘ಮೂಸೆ’ ಎಂದು ಮೂಸಾನ ಹೆಸರಿತ್ತು. ಮನೆಯವನೇ ಆದ್ದರಿಂದ ಅವನ ಹೆಸರು ಕೊನೆಗೆ.

ಮಾರ್ಚಿನಲ್ಲಿ ಬಾವಲಿಗಳ ಕಾಟ ಸುರುವಾಯಿತು. ನರ್ಸರಿಯವನಿಗೆ ಫೋನು ಮಾಡಿದಾಗ ಅವನು, “ಬಟ್ಟೆಯ ಚೀಲ ಕಟ್ಟಿ. ಕಟ್ಟಿದ ಮೇಲೆ ಬಿಚ್ಚಿ ನೋಡ್ಲಿಕ್ಕೆ ಹೋಗ್ಬೇಡಿ. ಕೈ ತಾಗಿ ಮೇಲಿನ ಬಿಳಿ ಹುಡಿ ಹೋದ್ರೆ ಹಣ್ಣಿನ ಮರ್ಯಾದೆ ಹೋಯ್ತು” ಎಂದ. ಶಶಿಪ್ರಭಾ ಗಂಡನ ಹಳೆಯ ಪಂಚೆಗಳನ್ನು ಹರಿದು, ಬಟ್ಟೆ ಸಿಕ್ಕಿದ ಹಾಗೆ ದೊಡ್ಡದೂ ಸಣ್ಣದೂ ಸೇರಿ ಹನ್ನೆರಡು ಚೀಲ ಹೊಲಿದಳು. ಕಟ್ಟಬೇಕಾದ ದಿನ ಲೋಕನಾಥನಿಗೆ ಧರ್ಮಸ್ಥಳದಲ್ಲಿ ಸಹೋದ್ಯೋಗಿಯೊಬ್ಬನ ಮಗಳ ಮದುವೆ. ಏಣಿ ಹತ್ತಿ ಕಟ್ಟುವ ಕೆಲಸ ಮೂಸಾನ ಪಾಲಿಗೆ ಬಂತು.

ಸಂಜೆ ಲೋಕನಾಥ ಮದುವೆಯ ಊಟದ ಭಾರದಲ್ಲಿ ಮನೆಗೆ ಬಂದಾಗ ಜಗಲಿಯ ಮೇಲೆ ಒಂದು ಖಾಲಿ ಚೀಲ ಬಿದ್ದಿತ್ತು.

“ಮೂಸಾಕ ಎಲ್ಲ ಕಟ್ಟಿ ಹೋದ್ರು. ಒಂದು ಉಳಿಯಿತಂತೆ” ಎಂದಳು ಶಶಿಪ್ರಭಾ.

ಲೋಕನಾಥ ಚಪ್ಪರದ ಕೆಳಗೆ ಹೋಗಿ ಚೀಲಗಳನ್ನು ಎಣಿಸಿದ. ಹನ್ನೊಂದು. ಬಾವಿಕಟ್ಟೆಯ ಮೇಲೆ ನಿಂತು ಎಣಿಸಿದ. ಹನ್ನೊಂದು. ಕನ್ನಡಕ ಒರೆಸಿಕೊಂಡು ಬಂದು ಎಣಿಸಿದಾಗಲೂ ದ್ರಾಕ್ಷಿಗಳು ತಮ್ಮ ಹೇಳಿಕೆ ಬದಲಿಸಲಿಲ್ಲ.

“ಹನ್ನೊಂದೇ ಉಂಟು” ಎಂದ.

“ಹಾಗಾದ್ರೆ ಇದ್ದದ್ದೇ ಹನ್ನೊಂದು.”

“ಇಪ್ಪತ್ತು ದಿನ ಎಣಿಸಿದ್ದೇನೆ. ಗ್ರೂಪಿಗೂ ಹಾಕಿ ಆಗಿದೆ.” ಗ್ರೂಪಿಗೆ ಹಾಕಿದ ಮೇಲೆ ಸಂಖ್ಯೆ ತಪ್ಪಾಗಿರಲು ಸಾಧ್ಯವೇ ಇರಲಿಲ್ಲ. “ನೀನು ಇಡೀ ಹೊತ್ತು ಅಲ್ಲೇ ಇದ್ಯಾ?”

“ಅಕ್ಕನ ಫೋನು ಬಂತು. ಹತ್ತು ನಿಮಿಷ ಒಳಗೆ ಹೋದೆ. ಯಾಕೆ?”

“ಯಾಕೂ ಇಲ್ಲ.”

ಶಶಿಪ್ರಭಾ ಗಂಡನ ಮುಖ ನೋಡಿದಳು. ಆ ಮುಖವನ್ನು ಅವಳು ಮೂವತ್ತಮೂರು ವರ್ಷಗಳಿಂದ ಓದಿಕೊಂಡು ಬಂದವಳು. “ಎಂತೆಂತದ್ದೋ ಎಣಿಸ್ಬೇಡಿ. ಕಟ್ಟಿದವರು ಅವರಲ್ವಾ, ಅವರತ್ರ ಒಂದು ಮಾತು ಕೇಳಿ.”

“ಕೇಳುದು ಹೇಗೆ? ಕೇಳಿದ್ರೆ ಅವನಿಗೆ ಬೇಜಾರಾಗ್ತದೆ. ಮೂವತ್ತು ವರ್ಷದ ಸ್ನೇಹ.”

ಸ್ನೇಹಿತನಿಗೆ ಬೇಜಾರಾಗಬಾರದೆಂಬ ಒಂದೇ ಉದ್ದೇಶದಿಂದ ಲೋಕನಾಥ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಒಂದು ತೆಂಗಿನಕಾಯಿ ಹಿಡಿದುಕೊಂಡು ನೋಣಯ್ಯನ ಮನೆಗೆ ಹೋದ. ನೋಣಯ್ಯ ಊರಿನ ದೈವಸ್ಥಾನದ ಚಾಕರಿ ನೋಡಿಕೊಳ್ಳುವ ಹಿರಿಯ, ಲೋಕನಾಥನ ಜಾಗಕ್ಕೆ ತಾಗಿಕೊಂಡೇ ಅವನ ತೋಟ. ನಮ್ಮ ಕಡೆ ಬೆಳೆ ಕಳವಾದರೆ ದೈವದ ಹೆಸರಿನಲ್ಲಿ ಸೊಪ್ಪು ಕಟ್ಟುವುದುಂಟು. ಮರಕ್ಕೋ ಬಳ್ಳಿಗೋ ಒಂದು ಹಿಡಿ ಹಸಿ ಸೊಪ್ಪು ಕಟ್ಟಿ ಕೈಮುಗಿದರೆ ಆಯಿತು; ಅಲ್ಲಿಂದ ಮುಂದೆ ಅದು ದೈವದ ಕಾವಲಿನಲ್ಲಿರುತ್ತದೆ. ಕದ್ದವನು ಒಪ್ಪಿಕೊಳ್ಳದಿದ್ದರೆ ಅವನಿಗೆ ಕೈಕಾಲು ಬೀಳುತ್ತದೆಂದು ನಂಬಿಕೆ. ಬಿಚ್ಚುವವರೆಗೆ ಯಜಮಾನನೂ ಮುಟ್ಟುವ ಹಾಗಿಲ್ಲ. ಇದರಲ್ಲಿ ಲೋಕನಾಥನಿಗೆ ಕಂಡ ಅನುಕೂಲವೆಂದರೆ, ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ.

“ಯಾರ ಮೇಲೆ ಸಂಶಯ?” ಎಂದು ನೋಣಯ್ಯ ಕೇಳಿದ.

“ಯಾರ ಮೇಲೂ ಇಲ್ಲ. ಅಳಿಲೋ ಬಾವಲಿಯೋ ಇರಬೇಕು.”

“ಅಳಿಲಿಗೆ ಸೊಪ್ಪು ಕಟ್ಟುವ ಕ್ರಮ ಇಲ್ಲ.”

“ಸುಮ್ಮನೆ ಒಂದು ಧೈರ್ಯಕ್ಕೆ.”

ನೋಣಯ್ಯ ಅವನನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಬಂದು ಸೊಪ್ಪು ಕಟ್ಟಿಕೊಟ್ಟ.

ಸಂಜೆ ಮೂಸಾ ಬಂದವನು ಚಪ್ಪರದ ಕಂಬಕ್ಕೆ ಕಟ್ಟಿದ ಸೊಪ್ಪು ನೋಡಿ ನಿಂತ. “ಇದೆಂತದ್ದು ಲೋಕು?”

“ಬಾವಲಿಗೆ” ಎಂದ ಲೋಕನಾಥ, ಅವನ ಕಣ್ಣು ತಪ್ಪಿಸಿ.

ಮೂಸಾ ಕೆಮ್ಮು ಬರುವಷ್ಟು ನಕ್ಕ. “ನಾನು ಕಟ್ಟಿದ ಚೀಲದ ಮೇಲೆ ನಿನಗೆ ನಂಬಿಕೆ ಇಲ್ಲದಿದ್ರೂ ದೈವದ ಮೇಲೆ ಉಂಟಲ್ಲ, ಅಷ್ಟು ಸಾಕು. ನಾಳೆಯಿಂದ ನಾನು ಫರಂಗಿಪೇಟೆಯಲ್ಲಿ. ಒಂದರ ಹಿಂದೆ ಒಂದು ಮೂರು ಮದುವೆ ಉಂಟು. ಬರುವಾಗ ಎರಡು ವಾರ ಆಗ್ತದೆ.”

ಮೂಸಾ ಹೋದ ಮರುದಿನದಿಂದ ಸೊಪ್ಪು ಕೆಲಸ ಸುರು ಮಾಡಿತು.

ಮೊದಲು ಬಂದವಳು ಎದುರು ಮನೆಯ ಅಂಗನವಾಡಿ ಟೀಚರು ವಿಸ್ಮಿತಾ. ಬೆಳಿಗ್ಗೆ ಏಳಕ್ಕೇ ಬಂದು, ಕುಳಿತುಕೊಳ್ಳದೆ, ಸೆರಗಿನ ತುದಿ ತಿರುಚುತ್ತಾ ಕೇಳಿದಳು: “ಲೋಕಣ್ಣ, ಕರಿಬೇವು ಲೆಕ್ಕಕ್ಕೆ ಬರ್ತದಾ?”

“ಯಾವ ಕರಿಬೇವು?”

“ನಿಮ್ಮ ಬಾವಿಯ ಹತ್ತಿರದ್ದು. ಏಳು ವರ್ಷದಿಂದ ದಿನಾ ಒಂದೆಸಳು. ಮನಸ್ಸಿನಲ್ಲಿ ನಿಮ್ಮತ್ರ ಕೇಳಿಯೇ ತೆಗೀತಿದ್ದದ್ದು. ನಿನ್ನೆ ಸೊಪ್ಪು ನೋಡಿದ್ದೇ ನನಗೆ ಬಲಗೈ ಜೋಮು.”

ಲೋಕನಾಥ ದೊಡ್ಡ ಮನಸ್ಸಿನಿಂದ ಕ್ಷಮಿಸಿದ. ಅವಳು ಗೇಟಿನವರೆಗೆ ಹೋದವಳು ತಿರುಗಿ ಬಂದು, ಒಣಗಲು ಹಾಕಿದ್ದ ಹಪ್ಪಳದ ವಿಷಯವನ್ನೂ ಹೇಳಿ ಹೋದಳು.

ಮಧ್ಯಾಹ್ನ ರಿಕ್ಷಾ ಓಡಿಸುವ ತರುಣ್ ಒಂದು ಗೊನೆ ಬಾಳೆಕಾಯಿಯನ್ನು ಸೀಟಿನ ಮೇಲೆ ಕೂರಿಸಿಕೊಂಡು ಬಂದ. ಎರಡು ವರ್ಷದ ಹಿಂದೆ ಲೋಕನಾಥನ ತೋಟದ ಕದಳಿ ಗೊನೆಗಳನ್ನು ತಿಂದದ್ದು ಮಂಗಗಳಲ್ಲ ಎಂದು ಅವನು ಬಹಳ ಬೇಸರದಿಂದ ತಿಳಿಸಿದ. ಆ ಮಂಗಗಳ ಮೇಲೆ ಲೋಕನಾಥ ಪಂಚಾಯತಿಗೆ ನಾಲ್ಕು ಅರ್ಜಿ ಬರೆದಿದ್ದ. ಬೋನು ತರಿಸಿದ್ದ. ಬೋನಿನಲ್ಲಿ ನೋಣಯ್ಯನ ನಾಯಿ ಬಿದ್ದು, ಅದನ್ನು ಬಿಡಿಸುವಾಗ ಅದು ಲೋಕನಾಥನಿಗೇ ಕಚ್ಚಿ, ಹೊಕ್ಕುಳ ಸುತ್ತ ಚುಚ್ಚುತ್ತಾರೆಂದು ಹೆದರಿ ಅವನು ಮೂರು ದಿನ ಆಸ್ಪತ್ರೆಗೇ ಹೋಗಿರಲಿಲ್ಲ.

“ಮಂಗಗಳಿಗೆ ಅಂತ ನಾನು ಎಷ್ಟು ಶಾಪ ಹಾಕಿದ್ದೇನೆ ಗೊತ್ತುಂಟಾ?” ಎಂದ.

“ಗೊತ್ತುಂಟು. ನನಗೆ ತಾಗಿದೆ” ಎಂದ ತರುಣ್. “ಕಳೆದ ವರ್ಷ ಎರಡು ಸಲ ಗೇರ್ ಬಾಕ್ಸ್ ಹೋಯ್ತು.”

ಮೂರನೆಯ ದಿನ ಬೆಳ್ತಂಗಡಿಯಿಂದ ಶಶಿಪ್ರಭಾಳ ತಮ್ಮ ಶೋಧನ್ ಬೈಕಿನಲ್ಲಿ ಬಂದ. ಹಿಂದಿನ ಸೀಟಿಗೆ ಹಗ್ಗದಲ್ಲಿ ಬಿಗಿದ ತಾಮ್ರದ ಹಂಡೆ. ಆ ಹಂಡೆ ಈ ಮನೆಯಿಂದ ಕಾಣೆಯಾಗಿ ಐದು ವರ್ಷ. ಅದರ ಸಲುವಾಗಿ, ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿಗೆ ಇನ್ನು ಬರುವುದು ಬೇಡ ಎಂದು ಹೇಳಿಯಾಗಿತ್ತು. ಏನೂ ಹೇಳದೆ, ಏನೂ ಕೇಳದೆ ಹೋದ ಆ ಹೆಂಗಸು ಆಮೇಲೆ ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿದಿರಲಿಲ್ಲ.

“ಅಕ್ಕ, ನಾನು ಹೇಳಿ ತೆಗೊಂಡು ಹೋಗುವ ಅಂತಲೇ ಇದ್ದೆ. ನೀನು ಒಳಗಿದ್ದಿ” ಎಂದ ಶೋಧನ್.

ಶಶಿಪ್ರಭಾ ಹಂಡೆಯನ್ನು ನೋಡಿ ಒಳಗೆ ಹೋದಳು. ಲೋಕನಾಥ ಮಾತ್ರ ಶೋಧನನನ್ನು ಕ್ಷಮಿಸಿ ಊಟಕ್ಕೆ ನಿಲ್ಲಿಸಿಕೊಂಡ. ಕ್ಷಮಿಸುವುದು ಅವನಿಗೀಗ ಚೆನ್ನಾಗಿ ಅಭ್ಯಾಸವಾಗಿತ್ತು. ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತು, ಬಂದವರ ಮಾತನ್ನು ಕಣ್ಣುಮುಚ್ಚಿ ಕೇಳಿ, “ಆಯ್ತು, ದೈವದ ಎದುರು ಮುಗೀತು” ಎನ್ನುವಾಗ ಅವನಿಗೆ ಸಂಚಾಲಕರ ಗಾಂಭೀರ್ಯ ಬರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ತೆಂಗಿನ ಮಡಲು, ಏಣಿ, ಕೊಡೆ, ಒಂದು ಕೋಳಿ, ಪಂಚಾಂಗ ಮತ್ತು ಇಸ್ತ್ರಿಪೆಟ್ಟಿಗೆ ಮನೆಗೆ ಮರಳಿದವು. ಕೊನೆಗೆ ನೋಣಯ್ಯನೇ ಬಂದು, ಚಹಾ ಕುಡಿದು, ತಮ್ಮಿಬ್ಬರ ನಡುವಿನ ಬೇಲಿ ಹತ್ತು ವರ್ಷದ ಹಿಂದೆ ಒಂದೂವರೆ ಅಡಿ ಈಚೆಗೆ ಬಂದ ಸಂಗತಿ ಹೇಳಿದ.

“ನಾನು ಹಾಕಿದ್ದಲ್ಲ. ಬೇಲಿ ತಾನಾಗಿ ಸರಿದದ್ದು. ನಾನು ನೋಡಿಯೂ ಸುಮ್ಮನಿದ್ದೆ, ಅಷ್ಟೇ ನನ್ನ ತಪ್ಪು.”

ಹೀಗೆ ಮೂವತ್ತು ವರ್ಷ ತನ್ನ ಸುತ್ತ ಇದ್ದವರು ಯಾರು ಯಾರೆಂಬುದು ಲೋಕನಾಥನಿಗೆ ತಿಳಿಯಿತು. ಅದರಿಂದ ಅವನಿಗೆ ದುಃಖವಾಗಬೇಕಿತ್ತು. ಆದರೆ ಎಲ್ಲರೂ ಇಷ್ಟು ಬಾಗಿ ಮಾತನಾಡುವಾಗ ದುಃಖಪಡಲು ಅವನಿಗೆ ಪುರಸೊತ್ತಾಗಲಿಲ್ಲ. ದ್ರಾಕ್ಷಿಯ ಸುದ್ದಿ ಮಾತ್ರ ಒಬ್ಬನೂ ಎತ್ತಲಿಲ್ಲ.

“ಎಲ್ಲರೂ ಬಂದು ಹೇಳಿ ಹೋದ್ರು” ಎಂದು ಅವನು ಹೆಂಡತಿಗೆ ಹೇಳಿದ. “ಬಾರದವನು ಒಬ್ಬನೇ.”

“ಬಾರದವರು ಕದ್ದಿಲ್ಲ ಅಂತ ಅಲ್ವಾ ಅರ್ಥ?”

“ನಿನಗೆ ಲೋಕ ಗೊತ್ತಿಲ್ಲ. ನಿನ್ನೆ ಫೋನು ಮಾಡಿದ್ದ. ಗಾಳಿಗೆ ಪ್ಲಾಸ್ಟಿಕ್ ಹಾರಿತಾ ಅಂತ ಕೇಳಿದ, ನನ್ನ ಮೊಣಗಂಟು ಹೇಗುಂಟು ಅಂತ ಕೇಳಿದ. ದ್ರಾಕ್ಷಿ ಅಂತ ಒಂದು ಶಬ್ದ ಬಾಯಿಂದ ಬರ್ಲಿಲ್ಲ. ಅದು ಯಾಕೆ?”

“ನಿಮ್ಮ ಮೊಣಗಂಟು ಮುಖ್ಯ ಅಂತ ಕಂಡಿರ್ಬೇಕು” ಎಂದಳು ಶಶಿಪ್ರಭಾ. ಆ ಮಾತು ಲೋಕನಾಥನ ಕಿವಿಗೆ ಬಿದ್ದಿತು, ಒಳಗೆ ಹೋಗಲಿಲ್ಲ.

ಇಷ್ಟರಲ್ಲಿ ಸಾತ್ವಿಕಾ ಅವರು ಬಳ್ಳಿ ನೋಡಲು ಬಂದರು. ಚಿಕ್ಕ ವಯಸ್ಸಿನ, ಎಲ್ಲವನ್ನೂ ಫಾರಮಿನಲ್ಲಿ ಬರೆದುಕೊಳ್ಳುವ ಅಧಿಕಾರಿ. ಚೀಲಕ್ಕೆ ಕೈಹಾಕಿದ ಅವರನ್ನು ಊರಿನ ನಾಲ್ಕು ಜನ ಒಟ್ಟಿಗೇ ತಡೆದರು.

“ಫಸಲನ್ನು ನೋಡದೆ ನಾನು ಏನಂತ ಬರೆಯುವುದು?”

“ದೈವದ ಕಾವಲಿನಲ್ಲಿ ಉಂಟು ಅಂತ ಬರೀರಿ” ಎಂದ ನೋಣಯ್ಯ.

ಅವರು ಸ್ವಲ್ಪ ಯೋಚಿಸಿ ‘ಬೆಳೆಯ ಸ್ಥಿತಿ’ ಎಂಬ ಕಡೆ ಹಾಗೆಯೇ ಬರೆದುಕೊಂಡರು. ಮುಂದಿನ ಭಾನುವಾರ ಸೊಪ್ಪು ಬಿಚ್ಚಿಸುವುದು, ಅಂದೇ ಅಧಿಕಾರಿಗಳಿಂದ ಕ್ಷೇತ್ರೋತ್ಸವ, ವರದಿಗಾರನಿಗೂ ಆಮಂತ್ರಣ ಎಂದು ತೀರ್ಮಾನವಾಯಿತು.

ಭಾನುವಾರ ಬೆಳಿಗ್ಗೆ ಆರಕ್ಕೆ ಗೇಟಿನೆದುರು ಪಿಕಪ್ಪು ನಿಂತಿತು. ಮೂಸಾ, ಹಿಂದೆ ಅವನ ಶಾಮಿಯಾನ, ಐವತ್ತು ಕುರ್ಚಿ. ಯಾರೂ ಕರೆದಿರಲಿಲ್ಲ.

“ಎಂತ ಮಾರಾಯ, ನಿನ್ನ ದ್ರಾಕ್ಷಿಗೆ ಇಡೀ ಊರು ಬರ್ತದಂತೆ, ನೆರಳಿಗೆ ನನ್ನತ್ರ ಹೇಳ್ಬೇಕೂಂತ ಕಾಣ್ಲಿಲ್ವಾ? ಫರಂಗಿಪೇಟೆಯವರು ಇನ್ನೊಂದು ದಿನ ಇರು ಅಂದ್ರು. ಲೋಕುವಿನ ಮೊದಲ ಬೆಳೆ, ನಾನಿಲ್ಲದೆ ಆಗುದಿಲ್ಲ ಅಂತ ಹೇಳಿ ಬಂದೆ” ಎನ್ನುತ್ತಾ ಕಂಬ ಇಳಿಸತೊಡಗಿದ. ಲೋಕನಾಥ ಅಂಗಳದ ಇನ್ನೊಂದು ತುದಿಗೆ ಹೋಗಿ ತೋರಣ ಕಟ್ಟಿದ.

ಹತ್ತು ಗಂಟೆಗೆ ಕುರ್ಚಿಗಳು ತುಂಬಿದವು. ಒಪ್ಪಿಕೊಂಡವರೆಲ್ಲ ಎದುರು ಸಾಲಿನಲ್ಲಿದ್ದರು; ಮನಸ್ಸು ಹಗುರವಾದವರ ಮುಖ ಹೇಗಿರುತ್ತದೆಂದು ಆ ಸಾಲು ನೋಡಿದರೆ ಗೊತ್ತಾಗುತ್ತಿತ್ತು. ನೋಣಯ್ಯ ಸ್ನಾನ ಮಾಡಿ ಬಂದು, ಚಪ್ಪರದ ಕಂಬದ ಬುಡದಲ್ಲಿ ದೀಪವಿಟ್ಟು, ತುಳುವಿನಲ್ಲಿ ಉದ್ದಕ್ಕೆ ಅರಿಕೆ ಮಾಡಿಕೊಂಡ. ಆಮೇಲೆ ಸೊಪ್ಪಿಗೆ ಕೈಯಿಟ್ಟು, ಲೋಕನಾಥನ ಕಡೆ ತಿರುಗಿದ.

“ಈಗ ನೀವು ಹೆಸರು ಹೇಳ್ಬೇಕು.”

“ಯಾರ ಹೆಸರು?”

“ಕಟ್ಟಿಸುವಾಗ ನಿಮ್ಮ ಮನಸ್ಸಿನಲ್ಲಿ ಯಾರಿದ್ರು, ಅವರದ್ದು. ಹೇಳದೆ ಬಿಚ್ಚಿದ್ರೆ ಕಟ್ಟಿಸಿದವನ ಮೇಲೆಯೇ ಬರ್ತದೆ. ನಮ್ಮ ಅಜ್ಜನ ಕಾಲದಿಂದ ಹಾಗೆಯೇ.”

ಇದು ನಿಜವಾಗಿಯೂ ಅಜ್ಜನ ಕಾಲದ ಕ್ರಮವೋ ಅಥವಾ ಎರಡು ವಾರದಿಂದ ನೋಣಯ್ಯನನ್ನು ಕೊರೆಯುತ್ತಿದ್ದ ಕುತೂಹಲವೋ ಎಂದು ಇವತ್ತಿಗೂ ಊರಿನಲ್ಲಿ ಎರಡು ಅಭಿಪ್ರಾಯವಿದೆ. ಲೋಕನಾಥನಿಗೆ ಆಗ ಅದನ್ನು ವಿಚಾರಿಸಲು ತೋಚಲಿಲ್ಲ. 

“ಯಾರೂ ಇರ್ಲಿಲ್ಲ. ಅಳಿಲು” ಎಂದ.

“ದೈವದ ಎದುರು ನಿಂತು ಅಳಿಲು ಅಂತ ಹೇಳ್ಬೇಡಿ ಲೋಕಣ್ಣ” ಎಂದು ಎದುರು ಸಾಲಿನಿಂದ ತರುಣ್ ಹೇಳಿದ. “ನಾವೆಲ್ಲ ಮರ್ಯಾದೆ ಬಿಟ್ಟು ನಿಜ ಹೇಳ್ಲಿಲ್ವಾ?”

“ನಿಮಗೆ ಬಿಪಿ ಬೇರೆ ಉಂಟು ಭಾವ” ಎಂದ ಶೋಧನ್.

ಶಶಿಪ್ರಭಾ ದೂರದಿಂದ ಬೇಡವೆಂಬಂತೆ ತಲೆಯಾಡಿಸಿದಳು. ಲೋಕನಾಥ ದೀಪ ನೋಡಿದ, ಸೊಪ್ಪು ನೋಡಿದ, ತನ್ನ ಕೈಕಾಲು ನೋಡಿಕೊಂಡ. ಶಾಮಿಯಾನದ ಮೂಲೆಯಲ್ಲಿ, ಗಾಳಿಗೆ ಸಡಿಲವಾದ ಹಗ್ಗವೊಂದನ್ನು ಬಿಗಿ ಹಿಡಿದುಕೊಂಡು, ಮೂಸಾ ಉಳಿದವರೆಲ್ಲರಂತೆ ಕುತೂಹಲದಿಂದ ಕಾಯುತ್ತಿದ್ದ.

“ಮೂಸಾ” ಎಂದ ಲೋಕನಾಥ.

ಎದುರು ಸಾಲಿನವರು ಒಟ್ಟಿಗೆ ಹಿಂದೆ ತಿರುಗಿದರು. ಮೂಸಾ ತನ್ನ ಹಿಂದೆ ಬೇರೆ ಮೂಸಾ ಯಾರಾದರೂ ಇದ್ದಾರೆಯೇ ಎಂಬಂತೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಅವನ ಮುಖದಿಂದ ನಗು ಹೋಯಿತು. ಹಗ್ಗ ಮಾತ್ರ ಬಿಡಲಿಲ್ಲ; ಬಿಟ್ಟರೆ ಆ ಮೂಲೆ ಅಧಿಕಾರಿಯ ತಲೆಯ ಮೇಲೆ ಬೀಳುತ್ತಿತ್ತು.

“ಹಾಗೆ ದಾರಿಗೆ ಬನ್ನಿ” ಎಂದು ನೋಣಯ್ಯ ಸೊಪ್ಪು ಬಿಚ್ಚಿದ. ವಿಸ್ಮಿತಾ ಪಕ್ಕದವಳ ಕಿವಿಯಲ್ಲಿ, “ನನಗೆ ಮೊದಲೇ ಕಂಡಿತ್ತು” ಎಂದಳು. ಏಳು ವರ್ಷ ಕರಿಬೇವು ಕದ್ದವಳಿಗೆ ಹಾಗೆ ಕಾಣುವುದು ಸಹಜ.

ಸಾತ್ವಿಕಾ ಕತ್ತರಿ ಹಿಡಿದು ಗೊಂಚಲುಗಳನ್ನು ಒಂದೊಂದಾಗಿ ಇಳಿಸಿ ಚೀಲ ಬಿಚ್ಚಿದರು. ಹಣ್ಣು ನಿಜವಾಗಿಯೂ ಚೆನ್ನಾಗಿತ್ತು. ಕಪ್ಪು ಬಣ್ಣ, ಮೇಲೆ ತೆಳ್ಳನೆಯ ಬಿಳಿ ಹುಡಿ, ನರ್ಸರಿಯವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಏಳನೆಯ ಚೀಲ ಎಲ್ಲಕ್ಕಿಂತ ದೊಡ್ಡದು. ಅದನ್ನು ಬಿಚ್ಚಿದ ಅಧಿಕಾರಿ ಹುಬ್ಬೇರಿಸಿ, ಗೊಂಚಲನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು.

“ಇದು ನೋಡಿ, ಒಂದೇ ತೊಟ್ಟಿನಲ್ಲಿ ಎರಡು ಕವಲು ಬಂದಿದೆ. ಬಳ್ಳಿಯಲ್ಲಿ ತೊಟ್ಟು ಎಲೆಯ ಮರೆಯಲ್ಲಿರುತ್ತದೆ, ಕೆಳಗಿನಿಂದ ನೋಡಿದವರು ಎರಡು ಗೊಂಚಲು ಅಂತಲೇ ಎಣಿಸುತ್ತಾರೆ.” ಆಮೇಲೆ ಫಾರಮಿನಲ್ಲಿ ಬರೆದುಕೊಳ್ಳುತ್ತಾ ಕೇಳಿದರು: “ಒಟ್ಟು ಹನ್ನೊಂದು, ಅಲ್ವಾ?”

 ಎದುರು ಸಾಲಿನಲ್ಲಿ ಲೆಕ್ಕ ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಲೋಕನಾಥನನ್ನು ಯಾರಾದರೂ ಬೈಯಬಹುದಿತ್ತು, ಮೂಸಾನ ಹತ್ತಿರ ಯಾರಾದರೂ ಹೋಗಬಹುದಿತ್ತು. ಆದರೆ ಮೊದಲು ಬಾಯಿಬಿಟ್ಟವನು ತರುಣ್.

“ಅಂದ್ರೆ ಕಳವೇ ಆಗ್ಲಿಲ್ವಾ? ಹಾಗಾದ್ರೆ ನಾನು ಸುಮ್ಮನೆ ಹೇಳಿದ್ದಾ?”

“ನನ್ನ ಹಪ್ಪಳದ ವಿಷಯ ಯಾರಿಗೂ ಗೊತ್ತಿರ್ಲಿಲ್ಲ” ಎಂದಳು ವಿಸ್ಮಿತಾ, ಅಳುವ ಸ್ವರದಲ್ಲಿ.

ನೋಣಯ್ಯ ಗಂಟಲು ಸರಿಮಾಡಿಕೊಂಡು, ಕಳವು ಇಲ್ಲದ ಕಡೆ ಕಟ್ಟಿದ ಸೊಪ್ಪಿಗೆ ಹೇಳಿದ ಮಾತು ಯಾವುದೂ ಊರ್ಜಿತವಲ್ಲ, ಬೇಲಿಯ ಮಾತೂ ಸೇರಿ, ಎಂದು ತೀರ್ಪು ಕೊಟ್ಟ. ಎಲ್ಲರಿಗೂ ಅದು ಒಪ್ಪಿಗೆಯಾಯಿತು. ಎಲ್ಲರೂ ಹಣ್ಣು ತಿಂದರು, ಬಹಳ ಸಿಹಿ ಎಂದರು, ಇನ್ನೊಂದೆರಡು ಮಕ್ಕಳಿಗೆಂದು ಜೇಬಿಗಿಳಿಸಿದರು. ಸಂಜೆಯೊಳಗೆ ಕೋಳಿ, ತಂದುಕೊಟ್ಟವನ ಮನೆಗೇ ತಿರುಗಿ ಹೋಯಿತು. ಶೋಧನ್ ಹಂಡೆಯನ್ನು ಮತ್ತೆ ಬೈಕಿಗೆ ಬಿಗಿಯತೊಡಗಿದಾಗ ಮಾತ್ರ ಶಶಿಪ್ರಭಾ ಬಂದು ಹಗ್ಗ ಕಿತ್ತು ಬಿಸಾಡಿದಳು.

ಮೂಸಾ ಹೊರಟುಹೋಗಲಿಲ್ಲ. ಹೋಗುವ ಹಾಗಿರಲಿಲ್ಲ, ನೆರಳು ಅವನದು. ವಂದನಾರ್ಪಣೆ ಮುಗಿಯುವವರೆಗೆ ಆ ಮೂಲೆಯಲ್ಲೇ ನಿಂತು, ಜನರೆಲ್ಲ ಎದ್ದ ಮೇಲೆ ಕುರ್ಚಿಗಳನ್ನು ಒಂದರೊಳಗೊಂದು ಇಟ್ಟು, ಬಟ್ಟೆ ಮಡಿಸಿ ಪಿಕಪ್ಪಿಗೆ ಹಾಕಿಕೊಂಡ. ಲೋಕನಾಥ ಒಂದೆರಡು ಕುರ್ಚಿ ಎತ್ತಿಕೊಡಲು ಹೋದಾಗ, “ಬೇಡ, ಕೈ ಕೊಳೆ ಆಗ್ತದೆ” ಎಂದು ಮೆಲ್ಲನೆ ತೆಗೆದುಕೊಂಡ.

ಮರುದಿನ ಪತ್ರಿಕೆಯಲ್ಲಿ ಲೋಕನಾಥನ ಹೆಸರು ಬಂತು, ಅಕ್ಷರ ತಪ್ಪಿಲ್ಲದೆ, ಫೋಟೋ ಸಮೇತ. ಅವನು ಅದನ್ನು ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಓದಿದ. ಸಂಜೆ ಐದೂವರೆಯಾಯಿತು, ಆರಾಯಿತು. ಶಶಿಪ್ರಭಾ ಎರಡು ಚಹಾ ಮಾಡಿ ಇಟ್ಟು, ಒಂದನ್ನು ಚೆಲ್ಲಿದಳು. ಎರಡನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ಅವಳೇ ಎರಡು ಕವಲಿನ ಗೊಂಚಲನ್ನು ತಟ್ಟೆಯಲ್ಲಿಟ್ಟು ಗಂಡನ ಕೈಗೆ ಕೊಟ್ಟಳು. ಅದೊಂದನ್ನು ಯಾರಿಗೂ ಸಿಗದಂತೆ ಅವಳು ಎತ್ತಿಟ್ಟಿದ್ದಳು.

ಮೂಸಾ ತನ್ನ ಮನೆಯ ಬಾಗಿಲಿಗೇ ಬಂದು ಎದುರುಗೊಂಡ. “ಬನ್ನಿ ಲೋಕನಾಥರೇ, ಬನ್ನಿ. ಒಳಗೆ ಕೂತುಕೊಳ್ಳಿ” ಎಂದ. ಸೋಫಾದ ಮೇಲಿನ ಬಟ್ಟೆ ಸರಿಮಾಡಿದ, ಫ್ಯಾನು ಹಾಕಿದ. ಅವನ ಹೆಂಡತಿ ಆಸ್ಯಮ್ಮ, ಗಾಜಿನ ಕಪಾಟಿನಲ್ಲಿ ನೆಂಟರಿಗೆಂದು ಇಟ್ಟಿದ್ದ ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ, ಬೇರೊಂದು ತಟ್ಟೆಯಲ್ಲಿ ಬಿಸ್ಕೆಟು ತಂದಿಟ್ಟು ಒಳಗೆ ಹೋದಳು. ಈ ಮನೆಯಲ್ಲಿ ಅಂಥ ಕಪ್ಪುಗಳಿವೆಯೆಂದು ಲೋಕನಾಥನಿಗೆ ಗೊತ್ತಿತ್ತು, ಅದರಲ್ಲಿ ಕುಡಿದಿರಲಿಲ್ಲ.

ಅವನು ದ್ರಾಕ್ಷಿಯ ತಟ್ಟೆಯನ್ನು ಮುಂದಿಟ್ಟ. “ಇದು ನಿನ್ನದು.”

“ಬಹಳ ಉಪಕಾರ ಆಯ್ತು” ಎಂದ ಮೂಸಾ.

“ಎರಡು ಕವಲಿನದ್ದು ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು. ಅದಕ್ಕೇ ದೊಡ್ಡ ಚೀಲ ಹಾಕಿದ್ದು. ನಿಮ್ಮ ಬಳ್ಳಿ, ನಿಮಗೂ ಗೊತ್ತುಂಟು ಅಂತ ಎಣಿಸಿದೆ.”

“ಒಂದು ಮಾತು ಹೇಳ್ಬಹುದಿತ್ತಲ್ಲ ಮಾರಾಯ.”

“ಕೇಳಿದ್ರೆ ಹೇಳ್ತಿದ್ದೆ.”

“ಕೇಳಿದ್ರೆ ನಿನಗೆ ಬೇಜಾರಾಗ್ತದೆ ಅಂತ ಕೇಳ್ಲಿಲ್ಲ ಮೂಸೆ.”

ಮೂಸಾ ತಟ್ಟೆಯನ್ನು ಅವನ ಕಡೆ ಸರಿಸಿದ. “ಹೌದಾ” ಎಂದ. “ಬಿಸ್ಕೆಟ್ ತೆಗೊಳ್ಳಿ.”

ಲೋಕನಾಥ ಬಿಸ್ಕೆಟು ತೆಗೆದುಕೊಂಡ. ಅದು ಕೈಯಲ್ಲೇ ಮುರಿಯಿತು. “ನನಗೆ ಬೈ ಮಾರಾಯ. ತಲೆಯಲ್ಲಿ ಗೊಬ್ಬರ ಅಂತ ಹೇಳು, ಹೆಣ ಅಂತ ಹೇಳು, ಎಂತ ಬೇಕಾದ್ರೂ ಹೇಳು. ಹೀಗೆ ಕೂರ್ಬೇಡ.”

“ಛೇ, ಎಂತ ಮಾತು” ಎಂದ ಮೂಸಾ, ಬಹಳ ಮರ್ಯಾದೆಯಿಂದ. “ಮನೆಗೆ ಬಂದ ನೆಂಟರಿಗೆ ಬೈಯುವ ಕ್ರಮ ನಮ್ಮಲ್ಲಿ ಇಲ್ಲ.”

ಲೋಕನಾಥ ಚಹಾ ಮುಗಿಸಿ ಎದ್ದ. ಮೂಸಾ ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೂ ಅವನ ಜತೆ ಬಂದ, ಗೇಟು ತೆರೆದು ಹಿಡಿದ, “ಇನ್ನೊಮ್ಮೆ ಬನ್ನಿ, ಮನೆಯವರನ್ನೂ ಕರ್ಕೊಂಡು ಬನ್ನಿ” ಎಂದ.